ದಿಲ್ಲಿಯ ರೊಕ್ಕ, ಬೆಳಗಲಿಯ ಓಟ

ದಿಲ್ಲಿಯ ಪಾರ್ಲಿಮೆಂಟಿನಲ್ಲಿ ದೇಶದೊಳಗಿನ ಭದ್ರತಾ ಪಡೆಗಳಿಗೆ ರೊಕ್ಕ ಮಂಜೂರಾದಾಗಲೆಲ್ಲ ಮುಧೋಳ ಸೀಮೆಯಲ್ಲಿ ನನ್ನ ಮರ್ಯಾದೆ ಹೋಗುತ್ತದೆ. ಒಂದು ಸಲ ಹೋಗಿದ್ದರೆ ಸುಮ್ಮನಿರುತ್ತಿದ್ದೆ. ಮೊದಲ ಸಲದ ಕತೆಯನ್ನು ಊರವರು ವರ್ಷಾ ವರ್ಷಾ ತೆಗೆಯುತ್ತಾರೆ, ಅದಕ್ಕೇ ಬರೆಯಲಿಕ್ಕೆ ಕೂತೆ.

ನಾನು ಯಾರು ಅಂತ ಮೊದಲು ಹೇಳಿಬಿಡುತ್ತೇನೆ. ರನ್ನ ಬೆಳಗಲಿಯ ಕಾಲುವೆ ದಂಡೆಯ ಮೇಲೆ ಓಟದಲ್ಲಿ ನನ್ನನ್ನು ಹಿಂದೆ ಹಾಕುವ ಗಂಡಸು ಇನ್ನೂ ಹುಟ್ಟಿಲ್ಲ. ಎದೆ ಉಬ್ಬಿಸಿದರೆ ಅಂಗಿಯ ಗುಂಡಿ ತಾನಾಗಿ ರಾಜೀನಾಮೆ ಕೊಡುತ್ತದೆ. ಈ ಮೈ ಬೆಳೆಸಿದ್ದು ಒಂದೇ ಆಸೆಗೆ. ವಿಮಾನ ನಿಲ್ದಾಣ, ಅಣೆಕಟ್ಟು, ಚುನಾವಣೆ ಬೂತು ಕಾಯುವ ಕೇಂದ್ರದ ಪಡೆಯಲ್ಲಿ ಜವಾನನಾಗುವುದು. ಅದಕ್ಕೊಂದು ವಯಸ್ಸಿನ ಮಿತಿ. ಆ ಮಿತಿ ದಾಟುವುದರೊಳಗೆ ದಿಲ್ಲಿಯವರು ರೊಕ್ಕ ಕೊಡಬೇಕು, ಪಡೆಯವರು ಹುದ್ದೆ ಕರೆಯಬೇಕು, ನಾನು ಓಡಿ ಗೆಲ್ಲಬೇಕು. ಮೂರರಲ್ಲಿ ಓಡುವುದೊಂದೇ ನನ್ನ ಕೈಯಲ್ಲಿತ್ತು.

೧. ಗುಲಾಲು

ನನ್ನ ಮಿತಿ ದಾಟಲು ಒಂದೇ ವರ್ಷ ಉಳಿದಿತ್ತು. ಆ ವರ್ಷದ ಬಜೆಟ್ಟಿನಲ್ಲಿ ಗೃಹ ಖಾತೆಗೆ ರೊಕ್ಕ ಹೆಚ್ಚಿಸಿದರು. ಸುದ್ದಿ ಮೊಬೈಲಿನಲ್ಲಿ ಓದಿದವನೇ ನನ್ನ ಜೊತೆ ಓಡುವ ಇಬ್ಬರನ್ನು ಕರೆದುಕೊಂಡು ಬಸ್ ಸ್ಟ್ಯಾಂಡಿಗೆ ಹೋಗಿ ಗುಲಾಲು ಹಾರಿಸಿದೆ. ಎರಡು ಸರ ಪಟಾಕಿಯನ್ನೂ ಹೊಡೆಸಿದೆ. ಚಹಾದಂಗಡಿಯ ಕಾಕಾ ಕೆಟಲಿಯ ಮೇಲೆ ಅರಿವೆ ಮುಚ್ಚಿ ಹೊರಗೆ ಬಂದರು.

"ಯಾರ ಆರಿಸಿ ಬಂದ್ರಲೇ?"

"ಯಾರೂ ಇಲ್ರಿ ಕಾಕಾ. ನಮ್ಮ ಪಡೆಗೆ ದಿಲ್ಯಾಗ ರೊಕ್ಕ ಹೆಚ್ಚಿಗಿ ಮಾಡ್ಯಾರ. ಇನ್ನ ಹುದ್ದೆ ಕರದಂಗ."

"ನಿನಗ ಎಷ್ಟ ಬಂತು?"

"ನನಗ ಇನ್ನೂ ಏನೂ ಬಂದಿಲ್ರಿ."

ಕಾಕಾ ಗುಲಾಲು ಬಿದ್ದು ಕೆಂಪಾದ ಬನ್ನಿನ ತಟ್ಟೆಯನ್ನು ತಂದು ನನ್ನ ಮುಂದೆ ಇಟ್ಟರು.

"ಬಂದ ಮ್ಯಾಲ ಕೊಡಂತಿ. ಸದ್ಯಕ್ಕ ಇವನ್ನ ತಿನ್ನು. ಬ್ಯಾರೇದವ್ರು ತಿನ್ನೂದಿಲ್ಲ."

೨. ಚರ್ಚೆ

ಬಜೆಟ್ ಓದಿದರೆ ಆಗಲಿಲ್ಲ, ಒಂದೊಂದು ಖಾತೆಯ ಬೇಡಿಕೆಯನ್ನೂ ಲೋಕಸಭೆ ಚರ್ಚಿಸಿ ಒಪ್ಪಬೇಕು ಅಂತ ನಮ್ಮೂರಲ್ಲಿ ತಿಳಿದಿದ್ದವನು ನಾನೊಬ್ಬನೇ. ತಿಳಿದದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಜಾತಿಯಲ್ಲ ನಾನು. "ಖಾಲಿ ಹುದ್ದೆ ಸಲುವಾಗಿ ಇವತ್ತ ಅಲ್ಲೆ ಹೆಂಗ ಬಡದಾಡ್ತಾರ ನೋಡಬರ್ರಿ" ಅಂತ ಓಣಿಯ ಮಂದಿಯನ್ನೆಲ್ಲ ನಮ್ಮ ಪಡಸಾಲೆಯ ಟಿವಿ ಮುಂದೆ ಕೂಡಿಸಿದೆ. ಅವ್ವ ಚುನಮುರಿ ಸುಸಲಾ, ಅಂದರೆ ಮಂಡಕ್ಕಿ ಒಗ್ಗರಣೆ, ಮಾಡಿದಳು. ಪಂಚಾಯ್ತಿ ಮೆಂಬರು ಖುರ್ಚಿ ಹಿಡಿದು ಕೂತರು.

ಟಿವಿಯಲ್ಲಿ ಬೇರೆ ಯಾವುದೋ ಜಗಳಕ್ಕೆ ಒಂದೇ ಗದ್ದಲ. ಅಷ್ಟರಲ್ಲಿ ಎದುರು ಮನೆಯ ಎಮ್ಮೆ ನಮ್ಮ ಕಣಕಿಯ ಮೇವಿಗೆ ಬಾಯಿ ಹಾಕಿತು. ಅದನ್ನು ಹೊಡೆದು ಕಟ್ಟಿ ಒಳಗೆ ಬಂದೆ.

"ನಮ್ಮ ಖಾತೇದು ಯಾವಾಗ ಬರ್ತೈತಂತ್ರಿ?"

"ಆತು," ಅಂದರು ಮೆಂಬರು.

"ಏನ ಆತು?"

"ಟೈಮ ಇಲ್ಲಂದ್ರು. ಉಳದ ಖಾತೆ ಎಲ್ಲಾ ಕೂಡಿಸಿ ಒಮ್ಮೆಲೆ ಕೇಳಿದ್ರು. ಹೂಂ ಅಂದ್ರು. ಆತು."

"ಯಾರೂ ಮಾತಾಡಲಿಲ್ಲೇನ್ರಿ?"

ಮೆಂಬರು ತಳದ ಚುನಮುರಿ ಬಳಿದು ಬಾಯಿಗೆ ಹಾಕಿಕೊಂಡು ಅಂದರು: "ನಮ್ಮ ಪಂಚಾಯ್ತ್ಯಾಗ ಒಂದ ಗಟಾರದ ಸಲುವಾಗಿ ಮೂರ ಮೀಟಿಂಗ್ ಬಡದಾಡಿ ಎರಡ ಖುರ್ಚಿ ಮುರದೇವಿ. ಇವ್ರು ಇಡೀ ದೇಶದ ಕಾವಲಾ ಸುಸಲಾ ತಿನ್ನೂದ್ರಾಗ ಮುಗಿಸಿದ್ರು. ಭಾಳ ಛಲೋ ಮಂದಿ."

ಪಾಸಾದದ್ದು ಖರೆ, ಸಂತೋಷ. ಆದರೆ ಅವತ್ತು ಒಬ್ಬರಾದರೂ ಎದ್ದು ನಿಂತು, ವಯಸ್ಸು ಮೀರುತ್ತಿರುವ ಹುಡುಗರ ಗತಿಯೇನು ಅಂತ ಒಂದು ಮಾತು ಕೇಳಿದ್ದರೆ ಅಂತ ಇವತ್ತಿಗೂ ಅನಿಸುತ್ತದೆ. ಕೇಳಿದ್ದರೂ ನಾನು ಎಮ್ಮೆಯ ಹಿಂದಿದ್ದೆ.

೩. ತೇರದಾಳದ ಬೆಲ್ಲ

ಅದೇ ಬೇಸಿಗೆ ತೇರದಾಳಕ್ಕೆ ಹೆಣ್ಣು ನೋಡಲು ಹೋದೆವು. ಹುಡುಗಿಯ ಅಪ್ಪ ಬೆಲ್ಲದ ವ್ಯಾಪಾರಿ. ಬೆಲ್ಲದ ಪೆಂಟೆಯನ್ನು ಬಡಿದು ನೋಡುವ ಹಾಗೆ ನನ್ನನ್ನೂ ಎಲ್ಲ ಕಡೆಯಿಂದ ನೋಡಿದರು.

"ಏನ ಮಾಡ್ತೀರಿ?"

"ಕೇಂದ್ರದ ಪಡೆಗೆ ತಯಾರಿ ಮಾಡಾಕತ್ತೇನ್ರಿ. ಪಾರ್ಲಿಮೆಂಟ್‌ನ್ಯಾಗ ರೊಕ್ಕ ಪಾಸಾಗೇತ್ರಿ. ಹುದ್ದೆ ಕರಿಯೂದೊಂದ ಬಾಕಿ."

"ಅಲ್ಲೀತನಕ?"

"ದಿನಾ ನಸಿಕಿನ್ಯಾಗ ಓಡ್ತೇನ್ರಿ."

"ಓಡಿ?"

"ತಿರಗಿ ಬರ್ತೇನ್ರಿ."

ಬಾಗಿಲ ಹಿಂದೆ ಹುಡುಗಿ ಕಿಸಕ್ಕನೆ ನಕ್ಕಳು. ಆ ನಗು ನನಗೆ ಬಹಳ ಹಿಡಿಸಿತು. ಆಕೆಗೂ ನಾನು ಹಿಡಿಸಿದ್ದೆ ಅಂತ ನನ್ನ ಖಾತ್ರಿ, ನನ್ನನ್ನು ನೋಡಿದ ಮೇಲೆ ಬೇರೆ ದಾರಿ ಇರುವುದಿಲ್ಲ. ಅವಳಪ್ಪ ಮಾತ್ರ ಕೈ ಮುಗಿದರು. "ಹುದ್ದೆ ಕರದ ಮ್ಯಾಲ ಬರ್ರಿ. ಪಾರ್ಲಿಮೆಂಟ್ ನಂಬಿ ಬ್ಯಾಂಡಿನವ್ರಿಗೆ ಅಡ್ವಾನ್ಸ ಕೊಡಾಕ ಆಗೂದಿಲ್ರಿ."

ಮುಂದೆ ಆಕೆಯನ್ನು ರಬಕವಿಯ ಪವರ್‌ಲೂಮಿನ ಮಾಲೀಕನಿಗೆ ಕೊಟ್ಟರು. ಮೊನ್ನೆ ಬನಹಟ್ಟಿ ಸ್ಟ್ಯಾಂಡಿನಲ್ಲಿ ಅವನನ್ನು ನೋಡಿದೆ. ಕಣ್ಣೆದುರಿಗೇ ಬಸ್ಸು ಹೊರಟರೂ ನಾಲ್ಕು ಹೆಜ್ಜೆ ಓಡಲಿಲ್ಲ.

೪. ನೇಮಕಾತಿ

ಆ ವರ್ಷ ಹುದ್ದೆ ಕರೆಯಲಿಲ್ಲ. ನನ್ನ ಹುಟ್ಟಿದ ದಿನ ಮಾತ್ರ ತಪ್ಪದೆ ಬಂತು, ಮಿತಿ ದಾಟಿತು. ಅವ್ವ ಹೋಳಿಗೆ ಮಾಡಿದ್ದಳು. ದುಃಖಕ್ಕೆ ಆರೇ ತಿಂದೆ.

ಅದಾಗಿ ವಾರವೂ ಕಳೆದಿರಲಿಲ್ಲ, ಅದೇ ಪಡೆಯ ಜೀಪು ನಮ್ಮ ಮನೆ ಮುಂದೆ ನಿಂತಿತು. ಹಿಂದಿ ಮಾತಾಡುವ ಸಾಹೇಬರು, ಜೊತೆಗೆ ಬೀಳಗಿ ಕಡೆಯ ಒಬ್ಬ ಜವಾನ. ಎದೆ ಉಬ್ಬಿಸಿ ಹೊರಗೆ ಬಂದೆ. ಅವರು ನನ್ನನ್ನು ದಾಟಿ ಹಿತ್ತಲಿಗೆ ಹೋದರು. ನಮ್ಮಪ್ಪ ಮುಧೋಳ ನಾಯಿ ಸಾಕುತ್ತಾನೆ. ಅವರು ಬಂದದ್ದು ಮರಿಗೆ.

ಒಂದು ಮರಿಯ ಹಲ್ಲು ನೋಡಿದರು, ಎದೆ ಅಳೆದರು, ಓಡಿಸಿದರು. ಜವಾನ ಅಪ್ಪನನ್ನು ಕೇಳಿದ: "ಇದರ ವಯಸ್ಸೆಷ್ಟ್ರಿ?"

"ಮೂರ ತಿಂಗಳ್ರಿ."

"ಬರೋಬ್ಬರಿ ಐತಿ. ಮಿತಿಯೊಳಗ ಐತಿ."

ನಾನು ಅವನನ್ನು ಬದಿಗೆ ಕರೆದೆ. "ಅಣ್ಣಾ, ಮನಶ್ಯಾರನ್ನ ಯಾವಾಗ ಕರೀತಾರ?"

"ಬರೂ ತಿಂಗಳಾ ಕರೀತಾರಂತ. ನಾಯಿ ದಳಕ್ಕ ಈ ಸಲ ರೊಕ್ಕ ಬ್ಯಾರೆ ಬಂದಿತ್ತು, ಅದಕ್ಕ ಇವು ಮೊದ್ಲ ಆದ್ವು. ನಿನ್ನ ವಯಸ್ಸೆಷ್ಟು?"

ಹೇಳಿದೆ. ಅವನು ನನ್ನ ಎದೆ ನೋಡಿದ, ಕಾಲು ನೋಡಿದ. ಆಮೇಲೆ ನೆಲ ನೋಡಿದ.

ಆಯ್ಕೆಯಾದ ಮರಿ ಮಾತ್ರ ಜೀಪು ಹತ್ತಲೊಲ್ಲದು. ನಾನು ಹತ್ತಿದರೆ ಹತ್ತುತ್ತದೆ, ಇಳಿದರೆ ಇಳಿಯುತ್ತದೆ. ಕೊನೆಗೆ ಸಾಹೇಬರು ಮುಧೋಳದವರೆಗೆ ನನ್ನನ್ನೂ ಕೂಡಿಸಿಕೊಂಡರು. ಮರಿ ನನ್ನ ಕಾಲ ಬುಡದಲ್ಲಿ ಮುದುಡಿ ಮಲಗಿತು. ಹೊರಗಿನವರಿಗೆ ಕಾಣುತ್ತಿದ್ದದ್ದು ಇಷ್ಟೇ: ಪಡೆಯ ಜೀಪು, ಖಾಕಿಯವರಿಬ್ಬರು, ನಡುವೆ ನಾನು.

ಓಣಿಯಲ್ಲಿ ಸಿಳ್ಳೆ ಹೊಡೆದರು. ಎದುರು ಮನೆಯ ಮುದಿ ಆಯಿ ಕೈ ಅಡ್ಡ ಹಿಡಿದು ಜೀಪು ನಿಲ್ಲಿಸಿ, ಕಣ್ಣೀರು ಹಾಕುತ್ತಲೇ ನನ್ನ ಹಣೆಗೆ ಕುಂಕುಮ ಹಚ್ಚಿದಳು. ನಾನು ನಿಜ ಹೇಳಲು ಬಾಯಿ ತೆರೆದೆ, ಆಕೆ ಒಂದು ಹಿಡಿ ಸಕ್ಕರೆ ತುರುಕಿದಳು. "ದೇಶಾ ಛಂದಂಗ ಕಾಯೋ ನನ್ನಪ್ಪ" ಅಂದಳು. ಸಕ್ಕರೆ ಕರಗುವಷ್ಟರಲ್ಲಿ ಊರು ದಾಟಿತ್ತು.

ಸುಳ್ಳು ಯಾಕೆ, ಆ ದಾರಿಯುದ್ದಕ್ಕೂ ನಾನು ಬೆನ್ನು ನೆಟ್ಟಗೆ ಮಾಡಿಯೇ ಕೂತಿದ್ದೆ. ಮುಧೋಳದಲ್ಲಿ ಇಳಿಸಿದರು. ಮರಿ ಅಷ್ಟರಲ್ಲಿ ಜವಾನನ ತೊಡೆಯೇರಿತ್ತು, ತಿರುಗಿಯೂ ನೋಡಲಿಲ್ಲ. ಅದಕ್ಕೆ ನೌಕರಿ ಆಗಿತ್ತು, ನನ್ನ ಹಂಗೇನು.

ಸಂಜೆಯ ಬಸ್ಸಿಗೆ ಊರಿಗೆ ಬಂದೆ. ಕುಂಕುಮ ಇನ್ನೂ ಹಣೆಯ ಮೇಲಿತ್ತು. ಆಯಿ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟು ಕೇಳಿದಳು: "ಇಷ್ಟ ಲಗೂ ಸೂಟಿ ಕೊಟ್ರೇನೋ?"

"ಸೂಟಿ ಅಲ್ಲ ಆಯಿ. ರಿಟೈರ್ ಆಗಿ ಬಂದೇನಿ."

ಆಯಿ ಸರಿದು ಕೂತು ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು.

"ಹೋಗ್ಲಿ ಬಿಡು ಮಗಾ. ಪಿಂಚಣಿ ತಿಂಗಳಾ ಎಷ್ಟ ಬರ್ತೈತಿ?"