ಡಬ್ಬಿಯ ಮೌನವ್ರತ

"ಇನ್ನು ಮೇಲೆ ಈ ಮನೆಗೆ ಬರೋ ಒಂದು ಕರೆಯೂ ತಪ್ಪಲ್ಲ" ಎಂದು ಡಬ್ಬಿ ಮೇಷ್ಟ್ರು ಊಟದ ಮೇಜು ಕುಟ್ಟಿ ಘೋಷಿಸಿದ್ದು ಒಂದು ಭಾನುವಾರ.

ಪಾಠ ಹೇಳುವ ಮೇಷ್ಟ್ರಲ್ಲ ಈತ. ಕಚೇರಿಗಳ ಟೆಲಿಫೋನುಗಳನ್ನು ಇಂಟರ್ನೆಟ್ಟಿಗೆ ಜೋಡಿಸುವ ಗೇಟ್‌ವೇ ಎಂಬ ಡಬ್ಬಿಗಳನ್ನು ಕೂರಿಸುವುದು ಆತನ ಕಸುಬು. ಕೂರಿಸುವಾಗ ಎಲ್ಲರಿಗೂ ಉಪದೇಶ ಮಾಡುವ ಚಾಳಿ ಇದ್ದುದರಿಂದ ಜೊತೆಗಾರರು ಮೇಷ್ಟ್ರು ಎಂದರು. ಆ ದಿನ ಸ್ವಂತ ಮನೆಯ ಫೋನಿಗೂ ಒಂದು ಡಬ್ಬಿಯ ಯೋಗ ಕೂಡಿಬಂದಿತ್ತು.

ಮಾರನೆಯ ದಿನವೇ ಹೆಂಡತಿಗೆ ಗ್ರಂಥಾಲಯದಲ್ಲಿ ಸಂದರ್ಶನ. ಹನ್ನೊಂದು ವರ್ಷ ಮನೆಯಲ್ಲೇ ಕಳೆದವಳು; ಇನ್ನೊಂದೆರಡು ವರ್ಷ ಹೋದರೆ ವಯಸ್ಸು ಮೀರಿತೆಂದು ಅರ್ಜಿಯನ್ನೂ ಯಾರೂ ಮುಟ್ಟುವುದಿಲ್ಲ. ಆಯ್ಕೆಯಾದವರಿಗೆ ಗುರುವಾರದೊಳಗೆ ಫೋನ್ ಬರುತ್ತದೆ ಎಂದಿದ್ದರು. ಅವಳು ಮೊಬೈಲ್ ನಂಬರ್ ಕೊಡಲು ಹೊರಟಳು. ಅಡುಗೆಮನೆಯಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲ, ಮನೆಯ ನಂಬರನ್ನೇ ಕೊಡು ಎಂದು ಈತ ಹಟ ಹಿಡಿದ. "ನಾನಿಲ್ವಾ?" ಎಂದ. ಪಾಪ, ಅವಳು ನಂಬಿದಳು.

ಇಂಥ ಡಬ್ಬಿ ಎರಡು ಕೆಲಸ ತಪ್ಪದೆ ಮಾಡಬೇಕು. ಆಗಾಗ ಫೋನ್ ಕಂಪನಿಯ ಸರ್ವರಿಗೆ ಹಾಜರಿ ಹಾಕಬೇಕು, ಅದು ರಿಜಿಸ್ಟ್ರೇಷನ್. ನಡುವೆ ಅರ್ಧ ನಿಮಿಷಕ್ಕೊಮ್ಮೆ 'ಇದ್ದೀನಿ' ಎಂದು ಸಣ್ಣಗೆ ಕೆಮ್ಮಬೇಕು. ಅದು ಕೀಪ್ ಅಲೈವ್. ಕೆಮ್ಮದೆ ಸುಮ್ಮನಾದರೆ ಮನೆಯ ರೌಟರ್ ಐದೇ ನಿಮಿಷದಲ್ಲಿ ಕರೆ ಒಳಗೆ ಬರುವ ದಾರಿಯನ್ನು ಮುಚ್ಚಿಬಿಡುತ್ತದೆ. ಗಿರಾಕಿಗಳ ಕಚೇರಿಯಲ್ಲಿ ಕಣ್ಣು ಮುಚ್ಚಿಕೊಂಡು ಮೂವತ್ತು ಸೆಕೆಂಡು ಎಂದು ಬರೆಯುವ ಮಹಾಶಯನಿಗೆ, ತನ್ನ ಮನೆಯ ಡಬ್ಬಿ ಹೀಗೆ ಹಗಲೂ ರಾತ್ರಿ ಕೆಮ್ಮುತ್ತ ಕೂರುವುದು ಅವಮಾನವೆನಿಸಿತು. ದಿನಕ್ಕೊಂದು ಹಾಜರಿ ಸಾಕು ಎಂದು ತೀರ್ಮಾನಿಸಿ, ಕೆಮ್ಮಿನ ಜಾಗದಲ್ಲಿ ಠೀವಿಯಿಂದ ಸೊನ್ನೆ ಬರೆದ. ಸೊನ್ನೆ ಎಂದರೆ ಬಾಯಿಗೆ ಬೀಗ!

ಪರೀಕ್ಷೆಯೂ ನಡೆಯಿತು. ಮನೆಯ ಫೋನಿನಿಂದ ಮೊಬೈಲಿಗೆ ಮಾಡಿದ, ಹೋಯಿತು. ಕೂಡಲೇ ಮೊಬೈಲಿನಿಂದ ಮನೆಗೆ ಮಾಡಿದ, ಟ್ರಿಣ್ ಎಂದು ಬಂತು. ಮೂರು ಸಲ ಹೀಗೇ ಮಾಡಿ ಮೂರು ಸಲವೂ ಬೀಗಿದ. ಹೊರಗೆ ಹೋಗುವ ಕರೆಯೇ ಮುಚ್ಚಿದ ದಾರಿಯನ್ನು ಐದು ನಿಮಿಷ ತೆರೆದಿಡುತ್ತದೆ ಎಂಬುದು ಆತನಿಗೆ ತಿಳಿಯದ ವಿಷಯವೇನಲ್ಲ. ಅಹಂಕಾರದ ಭರದಲ್ಲಿ ನೆನಪಾಗಲಿಲ್ಲ, ಅಷ್ಟೆ.

ಅಮೋಘ ಕೆಲಸ ಇನ್ನೂ ಬಾಕಿ ಇತ್ತು. ಲೈನು ಖಾಲಿ ಇರಲೆಂದು, ಗುರುವಾರದವರೆಗೆ ಯಾರೂ ಫೋನ್ ಮುಟ್ಟಕೂಡದು ಎಂದು ಆಜ್ಞೆ ಹೊರಡಿಸಿದ. ಬಿಸಿ ತಟ್ಟಿದ್ದು ಅಮ್ಮನಿಗೆ. ಆಕೆ ತನ್ನ ತಂಗಿಗೆ ಗಳಿಗೆಗೊಮ್ಮೆ ಫೋನ್ ಮಾಡಿ ಲೋಕದ ಸಮಾಚಾರವನ್ನೆಲ್ಲ ಸೋಸುವವಳು. ಸೊಸೆಯ ಕೆಲಸದ ಮಾತೆಂದು ನಾಲ್ಕು ದಿನ ನಾಲಿಗೆ ಕಚ್ಚಿಕೊಂಡು ಕೂತಳು. ಹೆಂಡತಿಯಂತೂ ಬಟ್ಟೆ ಒಣಗಿಸಲು ಮಹಡಿಗೂ ಹೋಗದೆ ಫೋನಿನ ಪಕ್ಕದಲ್ಲೇ ಠಿಕಾಣಿ ಹೂಡಿದಳು. ಫೋನು ತುಟಿ ಪಿಟಕ್ಕೆನ್ನಲಿಲ್ಲ.

ಶುಕ್ರವಾರ ಅವಳು ತಾನೇ ಗ್ರಂಥಾಲಯಕ್ಕೆ ಹೋಗಿಬಂದಳು. ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು ಹೇಳಿದಳು.

"ನಾನೇ ಮೊದಲನೆಯವಳಂತೆ. ಮೂರು ದಿನ ಮಾಡಿದ್ರಂತೆ. ನಂಬರ್ ಚಾಲ್ತಿಯಲ್ಲಿಲ್ಲ ಅಂತ ಬಂತಂತೆ. ನಿನ್ನೆ ಸಂಜೆ ಎರಡನೆಯವರಿಗೆ ಕೊಟ್ಟುಬಿಟ್ರು."

ಅವರ ಫೋನೇ ಕೆಟ್ಟಿರಬೇಕು ಎಂದು ಮೇಷ್ಟ್ರು ಗುಡುಗಿದ. ಅವಳು ತನ್ನ ಮೊಬೈಲಿನಿಂದ ಮನೆಯ ನಂಬರಿಗೆ ಮಾಡಿ ಆತನ ಕಿವಿಗೆ ಹಿಡಿದಳು. ಚಾಲ್ತಿಯಲ್ಲಿಲ್ಲ ಎಂದು ಒಂದು ಇಂಪಾದ ಹೆಣ್ಣುದನಿ ಎರಡೆರಡು ಸಲ ಹೇಳಿತು.

ಕಂಪ್ಯೂಟರಿನಲ್ಲಿ ಡಬ್ಬಿಯ ಸೆಟ್ಟಿಂಗ್ ಪುಟ ತೆರೆದರೆ ಸೊನ್ನೆ ಕಣ್ಣು ಬಿಟ್ಟುಕೊಂಡು ಕೂತಿತ್ತು. ಆತನ ಮುಖ ಇಂಗು ತಿಂದ ಮಂಗನಂತಾಯಿತು. ನಾಚಿಕೆಯಿಂದ ಮೈ ಹಿಡಿಯಾಗಿ, ನಡೆದದ್ದನ್ನು ತೊದಲುತ್ತಲೇ ಒಪ್ಪಿಕೊಂಡ. ಎಲ್ಲ ಕೇಳಿಸಿಕೊಂಡ ಅಮ್ಮ ನಿಧಾನವಾಗಿ ಕೇಳಿದಳು:

"ಅಂದ್ರೆ, ನನ್ನ ಪಾಡಿಗೆ ನನ್ನನ್ನ ಹರಟೋಕೆ ಬಿಟ್ಟಿದ್ರೆ ಇವಳಿಗೆ ಕೆಲಸ ಸಿಗ್ತಿತ್ತು ಅನ್ನು."

"ಹೂಂ ಅಮ್ಮಾ."

ಸೊನ್ನೆಯ ಎಡಕ್ಕೆ ಮೂರು ಸೇರಿಸಿ ಮೂವತ್ತು ಮಾಡಲು ಹಿಡಿದದ್ದು ಹತ್ತು ಸೆಕೆಂಡು. ಆಮೇಲೆ ಬಂದ ಕರೆಗಳೆಲ್ಲ ಚಿಕ್ಕಮ್ಮನವು.

ಎರಡು ವಾರ ಕಳೆದು ಹೆಂಡತಿ ಇನ್ನೊಂದು ಕಡೆಗೆ ಅರ್ಜಿ ತುಂಬುತ್ತಿದ್ದಳು. ಮೇಷ್ಟ್ರು ಹಿಂದಿನಿಂದ ಇಣುಕಿದ. ಗಂಡನ ಉದ್ಯೋಗ: ಟೆಲಿಫೋನ್ ತಜ್ಞ. ಕೆಳಗಿನ ಸಾಲಿನಲ್ಲಿ, ಮನೆಯ ಫೋನ್: ಇಲ್ಲ.

"ಇದನ್ನ ಓದಿದವರು ನಗ್ತಾರೆ ಕಣೇ" ಎಂದ.

"ನಗಲಿ ಬಿಡಿ" ಎಂದಳು ಅವಳು, ತಲೆ ಎತ್ತದೆ. "ನಮ್ಮ ಮನೇಲಂತೂ ಯಾರಿಗೂ ನಗು ಬರಲಿಲ್ಲ."