ಪಿ.ಪಿ. ನಂಬರು

ಗೊತ್ತಿಲ್ಲದ ಕೆಲಸಕ್ಕೆ ಕೈಹಾಕಿ ಕೆಡಿಸಿ ಬೈಸಿಕೊಳ್ಳುವುದು ನನಗೆ ಅಭ್ಯಾಸವಾಗಿದೆ. ಆದರೆ ಗೊತ್ತಿದ್ದ ಕೆಲಸವನ್ನು ಮಾಡದೆ ಸುಮ್ಮನೆ ಕೂತದ್ದು ಜೀವನದಲ್ಲಿ ಒಂದೇ ಸಲ. ಅದಕ್ಕೆ ಮಾತ್ರ ಯಾರೂ ಬೈಯಲಿಲ್ಲ. ಮನೆಮನೆಗೂ ಮೊಬೈಲ್ ಬಂದಿರದ ಕಾಲ ಅದು. ಚಾಮರಾಜನಗರದಿಂದ ದಿನಾ ಬಸ್ಸಿನಲ್ಲಿ ಗುಂಡ್ಲುಪೇಟೆಗೆ ಹೋಗಿ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಕೆಲಸ ಮಾಡುತ್ತಿದ್ದೆ. ಹೊಲಿಗೆ ಶಿಕ್ಷಕಿಯರ ಕೆಲಸಕ್ಕೆ ಆನ್‌ಲೈನ್ ಅರ್ಜಿ ಫಾರಂ ಮಾಡಿಕೊಡುವ ಹೊಣೆ ನನ್ನ ಮೇಲೆ ಬಿತ್ತು. ತಪ್ಪು ತುಂಬಿದ ಫಾರಂ ಸರ್ವರ್‌ಗೆ ಹೋಗುವ ಮೊದಲೇ ಅದನ್ನು ಬ್ರೌಸರಿನಲ್ಲೇ ತಡೆದು ಕೆಂಪಕ್ಷರದಲ್ಲಿ ಗದರಿಸುವ ವಿದ್ಯೆಯನ್ನು ಆಗಷ್ಟೇ ಕಲಿತಿದ್ದೆ. ಹೊಸದಾಗಿ ಕಲಿತವನ ಉತ್ಸಾಹ ನಿಮಗೆ ಗೊತ್ತಲ್ಲ! ಫೋನ್ ನಂಬರಿನ ಜಾಗದಲ್ಲಿ ಅಂಕಿ ಬಿಟ್ಟು ಬೇರೇನೂ ನುಸುಳದಂತೆ ಬಿಗಿ ಮಾಡಿಟ್ಟೆ.

ಭೀಮನಬೀಡಿನಿಂದ ಅರ್ಜಿ ಹಾಕಲು ಬಂದ ನಾಗರತ್ನ, ಅಂಕಿಗಳ ಪಕ್ಕದಲ್ಲಿ "ಪಿಪಿ, ಅಂಗಡಿ ಮಾದಪ್ಪ" ಎಂದು ಟೈಪ್ ಮಾಡಿದಳು. ಪಕ್ಕದವರ ಫೋನು ಎಂಬುದಕ್ಕೆ ನಮ್ಮ ಕಡೆ ಹಾಗೆಯೇ ಬರೆಯುತ್ತಿದ್ದರು. ಫಾರಂ ಕೆಂಪಗಾಯಿತು. ಬರೀ ಅಂಕಿ ಹಾಕಿ ಎಂದೆ.

"ಆಗಲ್ಲ ಸಾ. ಪಿಪಿ ಅಂತ ಇಲ್ದಿದ್ರೆ, ಪೋನ್ ಮಾಡ್ದೋರು ಅಂಗ್ಡಿ ಅಂದ್ ತಕ್ಷಣ ಮಡಗ್ಬುಡ್ತಾರೆ. ನನ್ ಕೆಲ್ಸ ತಪ್ಪೋಯ್ತದೆ" ಎಂದು ನಕ್ಕಳು. ಆ ನಗುವಿನ ಎದುರು ವಾದ ಮಾಡುವುದನ್ನು ನಾನು ಯಾವ ಕೋರ್ಸಿನಲ್ಲೂ ಕಲಿತಿರಲಿಲ್ಲ.

ಸೋಮವಾರ ಬನ್ನಿ, ಸರಿಮಾಡಿಡುತ್ತೇನೆ ಎಂದೆ. ಮಾಡಿಯೂ ಇಟ್ಟೆ. ಸೋಮವಾರ ಆಕೆ ಬಂದಾಗ ಮತ್ತೆ ಅದೇ ಕೆಂಪಕ್ಷರ. ಮುಂದಿನ ಸೋಮವಾರ ಬನ್ನಿ ಎಂದು ಕಳಿಸಿದೆ. ಆಣೆ ಮಾಡಿ ಹೇಳುತ್ತೇನೆ, ಅದು ಬೇಕೆಂದು ಮಾಡಿದ್ದಲ್ಲ. ನಾನು ನಿಯಮ ಬದಲಿಸಿದ್ದರೂ ಬ್ರೌಸರು ತಾನು ಉಳಿಸಿಟ್ಟುಕೊಂಡಿದ್ದ ಹಳೆಯದನ್ನೇ ಓದುತ್ತಿತ್ತು. ಸಂಜೆ ಬಸ್ಸು ತೆರಕಣಾಂಬಿ ದಾಟುವಾಗ ಅದು ಹೊಳೆಯಿತು. ಹಳೆಯದನ್ನು ಅಳಿಸಿದರೆ ಮುಗಿಯಿತು, ಒಂದು ನಿಮಿಷದ ಕೆಲಸ. ಆದರೆ ಅಳಿಸಿಬಿಟ್ಟರೆ ಮುಂದಿನ ವಾರ ಫಾರಂ ಹೋಗಿಬಿಡುತ್ತದೆ, ಆಮೇಲೆ ಆಕೆ ಯಾಕೆ ಬಂದಾಳು?

ಅಳಿಸಲಿಲ್ಲ. ಇದ್ದ ಒಂದೇ ಒಳ್ಳೆಯ ಅಂಗಿಗೆ ಇಸ್ತ್ರಿ ಮಾಡಿಸಿದೆ. ವಾರವಿಡೀ ಬಾಗಿಲ ಹತ್ತಿರ ಯಾರ ಚಪ್ಪಲಿ ಸದ್ದಾದರೂ ತಿರುಗಿ ನೋಡುತ್ತಿದ್ದೆ. ಅಷ್ಟು ವರ್ಷ ನಾನು ಯಾರಿಗಾಗಿಯೂ ಕಾದಿರಲಿಲ್ಲ ಎಂಬುದು ಆಗ ತಿಳಿದು, ನಿಜವಾಗಿಯೂ ಸಂಕಟವಾಯಿತು.

ಮುಂದಿನ ಸೋಮವಾರ ಆಕೆ ನಗಲಿಲ್ಲ. "ನಾಳಿಕೆ ಕೊನೇ ದಿನ ಸಾ. ಇದೊಂದ್ ನಂಬ್ಕಂಡಿವ್ನಿ. ಆಯ್ತದಾ, ಇಲ್ವಾ?" ಎಂದಳು. ನಾಚಿಕೆಯಿಂದ ತಲೆ ಎತ್ತದೆ ಹಳೆಯದನ್ನು ಅಳಿಸಿದೆ. ಫಾರಂ ಸಲೀಸಾಗಿ ಹೋಯಿತು. "ನಿಮ್ಗೆ ಪುಣ್ಯ ಬರ್ಲಿ ಸಾ" ಎಂದು ಹೋದವಳು ಮತ್ತೆ ಬರಲಿಲ್ಲ.

ಹದಿನೈದು ದಿನ ತಡೆದುಕೊಂಡೆ. ನಂಬರು ಅರ್ಜಿಯಲ್ಲಿತ್ತು. ನೋಡಬಾರದಿತ್ತು, ನೋಡಿದೆ. ಫೋನೆತ್ತಿದ ಅಂಗಡಿ ಮಾದಪ್ಪನವರಿಗೆ, ನಾಗರತ್ನ ಅವರನ್ನು ಸ್ವಲ್ಪ ಕರೆಯುತ್ತೀರಾ ಎಂದೆ.

"ಯಾರು ನೀವು?"

"ಅದು... ಫಾರಂ ವಿಷಯ..."

"ಫಾರಂ ಓಯ್ತು ಅಂತ ಬೀದಿಗೆಲ್ಲ ಯೋಳವ್ಳೆ. ಇನ್ನೇನ್ಲಾ ನಿಂದು?"

ಎರಡು ವಾರ ಹೆಣಗಾಡಿ, ಸರಿಯಾದ ನಂಬರೆಂದು ಕಂಪ್ಯೂಟರನ್ನು ಒಪ್ಪಿಸಿದ್ದ ನಾನೇ, "ರಾಂಗ್ ನಂಬರ್ ಸಾರ್" ಎಂದು ಹೇಳಿ ಫೋನಿಟ್ಟೆ.