ಎರಡು ನಲ್ಲಿಗಳ ತೊಟ್ಟಿ

ಹೆಂಡತಿಗೆ ಪಾಠ ಹೇಳಿಕೊಡಲು ಹೊರಡುವ ಗಂಡಂದಿರಿಗೆ ನನ್ನದೊಂದು ಕಿವಿಮಾತು: ಮನೆಯಲ್ಲಿ ಯಾರಾದರೂ ಸ್ನಾನ ಮಾಡುತ್ತಿದ್ದಾರೆಯೇ ಎಂದು ಮೊದಲು ನೋಡಿಕೊಳ್ಳಿ.

ನನ್ನವಳು ವಿಜ್ಞಾನ ಸಂಶೋಧನೆಯ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದಳು. ವಯೋಮಿತಿಯ ಪ್ರಕಾರ ಅವಳಿಗೆ ಇದೇ ಕೊನೆಯ ಅವಕಾಶ, ಪರೀಕ್ಷೆ ಮರುದಿನ. ಜೀವಶಾಸ್ತ್ರದಲ್ಲಿ ಅವಳನ್ನು ಯಾರೂ ಅಲುಗಿಸಲಾರರು. ಮೂತ್ರಪಿಂಡ ಎಷ್ಟು ನೀರು ಸೋಸುತ್ತದೆ, ಎಷ್ಟನ್ನು ಹಿಂದಕ್ಕೆ ಪಡೆಯುತ್ತದೆ ಎಂಬುದನ್ನು ಈರುಳ್ಳಿ ಹೆಚ್ಚುತ್ತಲೇ ಹೇಳಿಬಿಡುತ್ತಾಳೆ. ಆದರೆ ಸಾಮಾನ್ಯ ಸಾಮರ್ಥ್ಯದ ಭಾಗದಲ್ಲಿ ತೊಟ್ಟಿ-ನಲ್ಲಿಯ ಲೆಕ್ಕ ಬಂದರೆ ಸಾಕು, ಪೆನ್ಸಿಲ್ ಕಚ್ಚುತ್ತಾಳೆ.

“ಒಂದು ನಲ್ಲಿ ತುಂಬಿಸುತ್ತೆ, ಇನ್ನೊಂದು ಖಾಲಿ ಮಾಡುತ್ತೆ. ಎರಡನ್ನೂ ಒಟ್ಟಿಗೆ ಬಿಟ್ಟವನು ಯಾರು ರೀ? ಅವನ ಮನೇಲಿ ಹೇಳೋರು ಕೇಳೋರು ಯಾರೂ ಇಲ್ವಾ?”

“ಅದು ಬರೀ ಕಲ್ಪನೆ ಕಣೇ.”

“ಮೂತ್ರಪಿಂಡಕ್ಕಾದರೂ ಬುದ್ಧಿ ಇದೆ, ಬೇಕಾದ ನೀರನ್ನ ವಾಪಸ್ ತಗೊಳ್ಳುತ್ತೆ. ಇವನಿಗೆ ಅದೂ ಇಲ್ಲ!”

ನಾನು ಬಣ್ಣದ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವವನು. (ಅಳೆಯದೆ ಯಾವುದನ್ನೂ ನಂಬುವುದಿಲ್ಲ, ಅಮ್ಮನ ಜ್ವರವನ್ನೂ.) ಕೂಡಲೇ ಒಂದು ಮಹಾಪ್ರಯೋಗವನ್ನು ಘೋಷಿಸಿ ಅವಳನ್ನು ಚಾವಣಿಗೆ ಕರೆದೊಯ್ದೆ. ಅಲ್ಲಿನ ತೊಟ್ಟಿಗೆ ಬೀದಿಯ ಕೊಳವೆಯಿಂದ ನೀರು ಬೀಳುತ್ತಿತ್ತು. ತೊಟ್ಟಿಯ ಅಡಿಯ ನಲ್ಲಿಯನ್ನೂ ಪೂರ್ತಿ ತಿರುಗಿಸಿ, ಒಳಗೆ ಅಳತೆಕೋಲು ನಿಲ್ಲಿಸಿ, ಗಡಿಯಾರ ನೋಡುತ್ತ ಉಪನ್ಯಾಸ ಆರಂಭಿಸಿದೆ.

“ನೋಡು, ಮಟ್ಟ ಇಳೀತಾ ಇದೆ. ಅಂದ್ರೆ ಬರೋ ನೀರಿಗಿಂತ ಹೋಗೋ ನೀರು ಜಾಸ್ತಿ.”

“ರೀ, ಮೊದಲು ಬೇಗ ಇಳೀತಿತ್ತು, ಈಗ ನಿಧಾನ ಆಗಿದೆ.”

“ಸುಮ್ನೆ ನೋಡು.”

“ನೀರು ಕಮ್ಮಿ ಆದ ಹಾಗೆ ಒತ್ತಡಾನೂ ಕಮ್ಮಿ ಆಗುತ್ತಲ್ಲ. ಹಾಗಾದ್ರೆ ಪುಸ್ತಕದ ಲೆಕ್ಕ ನಿಜವಾದ ತೊಟ್ಟಿಗೆ ಹೊಂದೋದೇ ಇಲ್ಲ!”

ವಿಜ್ಞಾನ ಪದವೀಧರನಾದ ನಾನು ಇದನ್ನು ಮರೆತಿದ್ದೆ. ಒಪ್ಪಿಕೊಳ್ಳಲು ಮನಸ್ಸಾಗದೆ, ಒತ್ತಡ ಎಂದರೇನು ಎಂಬಲ್ಲಿಂದ ಹೊಸದಾಗಿ ಶುರು ಮಾಡಿದೆ. ಆ ವಿವರಣೆ ಎಷ್ಟು ಸೊಗಸಾಗಿತ್ತೆಂದರೆ, ಬೀದಿಯ ನೀರು ನಿಂತುಹೋದದ್ದು ನನಗೆ ತಿಳಿಯಲೇ ಇಲ್ಲ. ತಿಳಿದದ್ದು ಬಚ್ಚಲುಮನೆಯಿಂದ ಅಮ್ಮನ ಆರ್ತನಾದ ಕೇಳಿಸಿದಾಗ.

“ಲೋ! ತಲೆ ತುಂಬ ಸೋಪು, ನಲ್ಲೀಲಿ ಬರೀ ಗಾಳಿ! ಮೇಲೆ ಏನೋ ಮಾಡ್ತಿದ್ದೀಯ?”

“ಪ್ರಯೋಗ ಅಮ್ಮಾ!”

“ಅದನ್ನ ಅಲ್ಲೇ ಬಿಟ್ಟು ಬಕೆಟ್ ಹಿಡ್ಕೊಳ್ಳೋ!”

ಬೀದಿಯ ನೀರು ಮತ್ತೆ ಬರುವುದು ಮರುದಿನವೇ. ಹೀಗಾಗಿ ಸಂಜೆಯವರೆಗೂ ರಸ್ತೆಯ ಕೊನೆಯ ಕೈಪಂಪಿನಿಂದ ನೀರು ಹೊತ್ತೆ. (ಮನೆ ಸೇರುವಷ್ಟರಲ್ಲಿ ಅರ್ಧ ಚೆಲ್ಲಿರುತ್ತಿತ್ತು, ಖಾಲಿ ಮಾಡುವ ನಲ್ಲಿ ಈಗ ನಾನೇ.) ಅಲ್ಲಿನ ದರ್ಜಿ ನನ್ನನ್ನು ಕಂಡಾಗಲೆಲ್ಲ, “ಏನ್ ಸಾರ್, ಮನೇಲಿ ಮದುವೇನಾ?” ಎನ್ನುತ್ತಿದ್ದ. ಒಳಗೆ ಬಂದಾಗಲೆಲ್ಲ ನನ್ನವಳು ತಲೆ ಬಗ್ಗಿಸಿ ಬರೆಯುತ್ತಿದ್ದಳು. ಪಾಪ, ಗುರುವಿಲ್ಲದೆ ಒದ್ದಾಡುತ್ತಿದ್ದಾಳೆ ಎಂದು ನನ್ನ ಕರುಳು ಚುರುಕ್ಕೆಂದಿತು.

ನಿನ್ನೆ ಫಲಿತಾಂಶ ಬಂತು. ತೇರ್ಗಡೆ! ತೊಟ್ಟಿ-ನಲ್ಲಿಯ ಲೆಕ್ಕಗಳೆಲ್ಲ ಸರಿ! ಅಮ್ಮ ಸೊಸೆಯನ್ನು ತಬ್ಬಿಕೊಂಡಳು, ನಾನು ಕುಣಿದೇಬಿಟ್ಟೆ. ಆಮೇಲೆ ಅಂಗಿಯ ಕಾಲರ್ ಸರಿಮಾಡಿಕೊಂಡು, “ಪ್ರಯೋಗ ನೋಡಿ ಕಲಿತದ್ದು ಮರೆಯೋಲ್ಲ, ಅಲ್ವಾ?” ಎಂದೆ.

“ನಿಜ ರೀ, ಅವತ್ತು ನೀವು ಮಾಡಿದ ಉಪಕಾರ ದೊಡ್ಡದು,” ಎಂದಳು. ಅವಳ ಕಣ್ಣು ತುಂಬಿ ಬಂದಿತ್ತು. “ನೀವು ನೀರಿಗೆ ಹೋದ್ರಲ್ಲ, ಮನೆ ಎಷ್ಟು ನಿಶ್ಶಬ್ದವಾಗಿತ್ತು! ಆ ಲೆಕ್ಕಗಳನ್ನೆಲ್ಲ ಒಂದೂ ಬಿಡದೆ ಮಾಡಿ ಮುಗಿಸಿದೆ.”

ಮುಂದಿನ ವಾರ ಅವಳಿಗೆ ಸಂದರ್ಶನ. ಈ ದಿನ ಬೆಳಿಗ್ಗೆ ಅದಕ್ಕೆ ತಯಾರಿ ಕೊಡೋಣವೆಂದು ನಾನು ಅವಳೆದುರು ಕುರ್ಚಿ ಎಳೆದುಕೊಳ್ಳುತ್ತಿದ್ದಂತೆ, ಅಮ್ಮ ಎರಡು ಬಕೆಟ್ ತಂದು ನನ್ನ ಮುಂದಿಟ್ಟಳು.

“ಅಮ್ಮಾ, ತೊಟ್ಟಿ ತುಂಬಿದೆಯಲ್ಲ?”

“ಗೊತ್ತಪ್ಪಾ. ಅವಳು ಓದಬೇಕು. ಹೊರಡು.”